ಬಲೆಯೋ, ಬಳೆಯೋ?
ಮಿದುಳು ಶಬ್ದವನ್ನು ಅರಿಯುವ ಬಗೆ: ಒಂದು ಸಂಶೋಧನೆಯ ಚರಿತ್ರೆ

ಹೊನ್ನಾವರದ ಕಾಸರಕೋಡು ಬಂದರಿನಲ್ಲಿ ಒಬ್ಬರು ಇನ್ನೊಬ್ಬರಿಗೆ "ಬಲೆ ತಂದೆಯಾ?" ಎಂದು ಕೂಗಿ ಕೇಳಿದರೆ ಅದು ಮೀನುಗಾರಿಕೆಯ ಮಾತು. ಕುಮಟೆಯ ಪೇಟೆಯಲ್ಲಿ "ಬಳೆ ತಂದೆಯಾ?" ಎಂದರೆ ಅದು ಕೈಗೆ ತೊಡುವ ಒಡವೆಯ ಮಾತು. ಈ ಎರಡು ಪದಗಳನ್ನು ಬೇರ್ಪಡಿಸುವುದು ಯಾವುದು? ನಾಲಗೆಯ ತುದಿ ಹಲ್ಲಿನ ಬುಡಕ್ಕೆ ತಾಗಿದರೆ ಲ, ತುಸು ಹಿಂದಕ್ಕೆ ಮಡಿಚಿಕೊಂಡು ಅಂಗುಳಕ್ಕೆ ತಾಗಿದರೆ ಳ. ಇದರಿಂದ ಗಾಳಿಯ ಅಲೆಗಳಲ್ಲಿ ಆಗುವ ವ್ಯತ್ಯಾಸ ತೀರ ಸಣ್ಣದು. ಅದು ಉಳಿಯುವುದೂ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕಾಲ. ಆದರೂ ಕನ್ನಡ ಕೇಳಿ ಬೆಳೆದ ನಿಮಗೆ ಬಲೆಗೂ ಬಳೆಗೂ ಗೊಂದಲವಾಗುವುದಿಲ್ಲ. ಕನ್ನಡವನ್ನು ಎಂದೂ ಕೇಳದ ಇಂಗ್ಲೆಂಡಿನ ವಿದ್ಯಾರ್ಥಿಗೆ ಎರಡೂ ಒಂದೇ ಎನಿಸಬಹುದು. ಅವನ ಕಿವಿ ನಿಮ್ಮ ಕಿವಿಯಷ್ಟೇ ಚುರುಕಾಗಿದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮನುಷ್ಯ ಮೊದಲು ಬಾಯಿಯನ್ನು ನೋಡಿದ, ಆಮೇಲೆ ಕಿವಿಯನ್ನು ನೋಡಿದ, ಕೊನೆಗೆ ಮಿದುಳಿಗೆ ಬಂದ. ಆ ದಾರಿಯ ಚರಿತ್ರೆಯನ್ನು ಇಲ್ಲಿ ನೋಡೋಣ. ಈ ಚರಿತ್ರೆಗೆ ನಮ್ಮ ಮನೆಯ ತೊಟ್ಟಿಲಿನ ಜೊತೆಗೂ ಸಂಬಂಧವಿದೆ ಎಂಬುದು ಮುಂದೆ ತಿಳಿಯುತ್ತದೆ.

ಬಾಯಿಯಿಂದ ಆರಂಭವಾದ ಶಾಸ್ತ್ರ

ನೀವು ಒಂದನೆಯ ತರಗತಿಯಲ್ಲಿ ಕಲಿತ ವರ್ಣಮಾಲೆಯೇ ಒಂದು ವೈಜ್ಞಾನಿಕ ಪಟ್ಟಿ. ಕ ವರ್ಗ ಗಂಟಲಿನಿಂದ, ಚ ವರ್ಗ ತಾಲುವಿನಿಂದ, ಟ ವರ್ಗ ಮೂರ್ಧದಿಂದ, ತ ವರ್ಗ ಹಲ್ಲಿನಿಂದ, ಪ ವರ್ಗ ತುಟಿಯಿಂದ ಹುಟ್ಟುತ್ತದೆ. ಬಾಯಿಯ ಒಳಭಾಗದಿಂದ ಹೊರಕ್ಕೆ ಬರುವ ಈ ಕ್ರಮವನ್ನು ಪ್ರಾಚೀನ ಭಾರತದ ಶಿಕ್ಷಾ ಗ್ರಂಥಗಳ ಕರ್ತೃಗಳು ಮತ್ತು ವೈಯಾಕರಣರು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದರು.

ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಧ್ವನಿ ಹುಟ್ಟುವ ಬಗೆಯನ್ನು ವಿವರಿಸಿದ್ದಾನೆ. ಮಾತನಾಡಬೇಕೆಂಬ ಜೀವದ ಇಚ್ಛೆಯಿಂದ ಉಸಿರು ನಾಭಿಮೂಲದಿಂದ ಎದ್ದು, ಕಹಳೆಯಿಂದ ಹೊಮ್ಮುವ ನಾದದಂತೆ ಶಬ್ದವಾಗುತ್ತದೆ ಎಂಬುದು ಅವನ ತಿಳಿವಳಿಕೆ.

ಉತ್ತರ ಕನ್ನಡಕ್ಕೂ ಈ ಪರಂಪರೆಯಲ್ಲಿ ಪಾಲುಂಟು. ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಗೆ ಸಂಗೀತಪುರವೆಂಬ ಇನ್ನೊಂದು ಹೆಸರಿತ್ತು. ಅಲ್ಲಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಪೂರ್ಣಗೊಳಿಸಿದ. ಕನ್ನಡ ಭಾಷೆಯ ಲಕ್ಷಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳುವ ಗ್ರಂಥ ಇದು. ಬಿ.ಎಲ್. ರೈಸ್ ಅವರು ಇದನ್ನು 1890ರಲ್ಲಿ ಅಚ್ಚು ಹಾಕಿಸಿದರು.

ಈ ವಿದ್ವಾಂಸರು ಮುಖ್ಯವಾಗಿ ಗಮನವಿಟ್ಟದ್ದು ನುಡಿಯುವವನ ಬಾಯಿಯ ಮೇಲೆ. ಒಂದಾದ ಮೇಲೆ ಒಂದರಂತೆ ಬಂದು ಅಳಿಯುವ ಧ್ವನಿಗಳು ಕೇಳುವವನ ಮನಸ್ಸಿನಲ್ಲಿ ಒಂದೇ ಅರ್ಥವಾಗಿ ಅರಳುವುದು ಹೇಗೆ ಎಂದು ಭರ್ತೃಹರಿಯಂಥ ದಾರ್ಶನಿಕರು ಆಳವಾಗಿ ಚಿಂತಿಸಿದ್ದುಂಟು. ಆದರೆ ಕೇಳುವವನ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಪ್ರಯೋಗದಿಂದ ಕಾಣಲು ಬೇಕಾದ ಉಪಕರಣಗಳು ಆ ಕಾಲದಲ್ಲಿ ಇರಲಿಲ್ಲ.

ಕಿವಿಯ ಒಳಗೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗಮನ ಕಿವಿಯ ಕಡೆಗೆ ತಿರುಗಿತು. 1863ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಶ್ರವಣವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಒಳಗಿವಿಯಲ್ಲಿ ಪಿಯಾನೋ ತಂತಿಗಳಂತೆ ಬೇರೆ ಬೇರೆ ಸ್ವರಗಳಿಗೆ ಮಿಡಿಯುವ ಭಾಗಗಳಿವೆ ಎಂದು ಆತ ಊಹಿಸಿದ. ಹಂಗೇರಿಯಲ್ಲಿ ಹುಟ್ಟಿದ ಗೆಯೋರ್ಗ್ ಫಾನ್ ಬೆಕೆಶಿ ಈ ಊಹೆಯನ್ನು ತಿದ್ದಿ ಬೆಳೆಸಿದ. ಮೃತರ ಕಿವಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಒಳಗಿವಿಯ ಪೊರೆಯ ಮೇಲೆ ಶಬ್ದ ಒಂದು ಅಲೆಯಾಗಿ ಸಾಗುವುದು ಅವನಿಗೆ ಕಂಡಿತು. ಕೀರಲು ಧ್ವನಿಯ ಅಲೆ ಬಾಗಿಲ ಹತ್ತಿರವೇ ಏರಿ ಇಳಿಯುತ್ತದೆ, ಗಡಸು ಧ್ವನಿಯ ಅಲೆ ತುದಿಯವರೆಗೆ ಹೋಗುತ್ತದೆ. ಈ ಕೆಲಸಕ್ಕಾಗಿ 1961ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಈ ಒಳಗಿವಿಗೆ ಕಾಕ್ಲಿಯಾ ಎಂದು ಹೆಸರು. ಅದರೊಳಗೆ ಒಂದೇ ಸಾಲಿನಲ್ಲಿ ಸುಮಾರು 3,500 ರೋಮಕೋಶಗಳಿವೆ. ಗಾಳಿಯ ಅಲುಗಾಟವನ್ನು ಮಿದುಳಿಗೆ ಅರ್ಥವಾಗುವ ವಿದ್ಯುತ್ ಸಂಕೇತವನ್ನಾಗಿ ಮಾಡುವುದು ಮುಖ್ಯವಾಗಿ ಇವುಗಳ ಕೆಲಸ. ಸುಮಾರು 30,000 ಎಳೆಗಳ ಶ್ರವಣನರ ಆ ಸಂಕೇತವನ್ನು ಹೊತ್ತು ಒಯ್ಯುತ್ತದೆ. ಎಲ್ಲ ಮನುಷ್ಯರಲ್ಲೂ ಈ ರಚನೆ ಒಂದೇ. ಆದ್ದರಿಂದ ಬಲೆ–ಬಳೆಯ ಪ್ರಶ್ನೆಗೆ ಪೂರ್ತಿ ಉತ್ತರ ಕಿವಿಯಲ್ಲಿ ಸಿಗಲಿಲ್ಲ.

ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ

ಮಿದುಳಿನ ಕಡೆಗೆ ದಾರಿ ತೋರಿಸಿದವರು ಇಬ್ಬರು ವೈದ್ಯರು. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಉಲಿಯನ್ನು ಬಿಟ್ಟು ಹೆಚ್ಚೇನೂ ನುಡಿಯಲಾರದ ರೋಗಿಯೊಬ್ಬನ ಮಿದುಳನ್ನು ಅವನ ಮರಣದ ನಂತರ ಪರೀಕ್ಷಿಸಿದ. ಎಡಭಾಗದ ಮುಂಬದಿಯಲ್ಲಿ ಗಾಯವಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ 26 ವರ್ಷದ ತರುಣ ವೈದ್ಯ ಇನ್ನೊಂದು ಬಗೆಯ ರೋಗಿಗಳನ್ನು ವರ್ಣಿಸಿದ. ಇವರ ಕಿವಿಗೆ ಏನೂ ಆಗಿರಲಿಲ್ಲ. ಶಬ್ದ ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಕಿವಿಯ ಸಮೀಪದಲ್ಲಿ, ಮಿದುಳಿನ ಎಡಪಕ್ಕದ ಹಿಂಬದಿಯಲ್ಲಿ ಅವರಿಗೆ ಪೆಟ್ಟಾಗಿತ್ತು.

ಕೇಳಿಸುವುದು ಬೇರೆ, ಅರ್ಥವಾಗುವುದು ಬೇರೆ ಎಂಬುದಕ್ಕೆ ದೊರೆತ ದೊಡ್ಡ ಸಾಕ್ಷಿ ಇದು. ಶ್ರವಣನರದಿಂದ ಹೊರಟ ಸಂಕೇತ ನೇರವಾಗಿ ಮಿದುಳಿನ ಹೊರಪದರಕ್ಕೆ ಹೋಗುವುದಿಲ್ಲ ಎಂಬುದು ಮುಂದೆ ತಿಳಿದುಬಂತು. ಮಿದುಳಿನ ಕಾಂಡದಲ್ಲಿಯೂ ನಡುಭಾಗದಲ್ಲಿಯೂ ಹಲವು ನಿಲ್ದಾಣಗಳಿವೆ. ಶಬ್ದ ಎಡಗಿವಿಗೆ ಮೊದಲು ತಲುಪಿತೋ ಬಲಗಿವಿಗೋ ಎಂಬುದನ್ನು ಒಂದು ನಿಲ್ದಾಣ ಲೆಕ್ಕ ಹಾಕುತ್ತದೆ. ಈ ಅಂತರ ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ. ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಣ್ಣು ಮುಚ್ಚಿಕೊಂಡೇ ನೀವು ಹೇಳಬಲ್ಲಿರಿ ಎಂದರೆ ಅದಕ್ಕೆ ಮುಖ್ಯ ಕಾರಣ ಈ ಲೆಕ್ಕ.

ಗದ್ದಲದಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳುವುದೂ ಮಿದುಳಿನ ಕೆಲಸವೇ. ಲಂಡನ್ನಿನ ಕಾಲಿನ್ ಚೆರ್ರಿ 1953ರಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದ. ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಒಟ್ಟಿಗೆ ಕೇಳಿಸಿ, ಒಂದನ್ನು ಮಾತ್ರ ಹಿಂದೆಯೇ ನುಡಿಯುವಂತೆ ಹೇಳಿದ. ಜನ ಅದನ್ನು ಮಾಡಬಲ್ಲವರಾಗಿದ್ದರು. ಇನ್ನೊಂದು ಕಿವಿಯಲ್ಲಿ ಬಂದ ಮಾತು ಏನೆಂಬುದು ಅವರಿಗೆ ನೆನಪಿರಲಿಲ್ಲ. ಹೊನ್ನಾವರ, ಕುಮಟೆಯ ಕಡೆ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಚಂಡೆಯ ಅಬ್ಬರದ ನಡುವೆಯೂ ಭಾಗವತರ ಪದವನ್ನು ಹಿಡಿದುಕೊಳ್ಳುವ ಪ್ರೇಕ್ಷಕ ಅದೇ ಕೆಲಸವನ್ನು ಇರುಳಿಡೀ ಮಾಡುತ್ತಾನೆ.

ಕೂಸುಗಳು ಕಲಿಸಿದ ಪಾಠ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಭಾಷೆಯ ಧ್ವನಿಗಳನ್ನು ಬೇರ್ಪಡಿಸುವ ಶಕ್ತಿ ಮಿದುಳಿಗೆ ಹುಟ್ಟಿನಿಂದ ಬರುತ್ತದೆಯೇ, ಕಲಿಕೆಯಿಂದಲೇ?

1971ರಲ್ಲಿ ಅಮೆರಿಕದ ಪೀಟರ್ ಐಮಸ್ ಮತ್ತು ಸಂಗಡಿಗರು ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಶಿಶುಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಹೊಸ ಶಬ್ದ ಕೇಳಿದಾಗ ಮಗು ರಬ್ಬರ್ ತೊಟ್ಟನ್ನು ಹೆಚ್ಚು ಬಿರುಸಾಗಿ ಚೀಪುತ್ತದೆ. ಈ ಚೀಪುವ ವೇಗವನ್ನೇ ಅಳೆದಾಗ, ಅಷ್ಟು ಎಳೆಯ ಕೂಸುಗಳೂ 'ಬ' ಮತ್ತು 'ಪ' ಧ್ವನಿಗಳ ವ್ಯತ್ಯಾಸವನ್ನು ಅರಿಯುತ್ತವೆ ಎಂದು ತಿಳಿಯಿತು.

ಇದರ ಮುಂದಿನ ಹೆಜ್ಜೆ ಇಟ್ಟವರು ಕೆನಡಾದ ಸಂಶೋಧಕಿ ಜಾನೆಟ್ ವರ್ಕರ್. ಅವರು ಆರಿಸಿಕೊಂಡದ್ದು ನಮ್ಮ ದೇಶದ ಧ್ವನಿಗಳನ್ನು: ಹಿಂದಿಯ 'ತ' ಮತ್ತು 'ಟ'. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ನಮಗಾದರೋ 'ಕತ್ತು' ಬೇರೆ, 'ಕಟ್ಟು' ಬೇರೆ.

ಪ್ರಯೋಗ ಹೀಗಿತ್ತು. ಮಗು ತಾಯಿಯ ತೊಡೆಯ ಮೇಲೆ ಕುಳಿತಿರುತ್ತದೆ. ಧ್ವನಿವರ್ಧಕದಿಂದ ಒಂದೇ ಉಚ್ಚಾರ ಮತ್ತೆ ಮತ್ತೆ ಬರುತ್ತದೆ. ಇದ್ದಕ್ಕಿದ್ದಂತೆ ಅದು ಬದಲಾಗುತ್ತದೆ. ಆಗ ಮಗು ಧ್ವನಿವರ್ಧಕದ ಕಡೆಗೆ ತಲೆ ತಿರುಗಿಸಿದರೆ, ಅಲ್ಲಿನ ಪೆಟ್ಟಿಗೆಯೊಳಗೆ ದೀಪ ಹೊತ್ತಿ ಆಟಿಕೆಯ ಪ್ರಾಣಿಯೊಂದು ಕುಣಿಯತೊಡಗುತ್ತದೆ. ಬದಲಾವಣೆ ಗೊತ್ತಾದ ಮಗು ಆಟಿಕೆಯ ಆಸೆಗೆ ಸಾಮಾನ್ಯವಾಗಿ ತಿರುಗುತ್ತದೆ, ಗೊತ್ತಾಗದ ಮಗು ತಿರುಗುವುದಿಲ್ಲ. ತಾಯಿ ಅರಿಯದೆ ಸುಳಿವು ಕೊಡಬಾರದೆಂದು ಅವಳ ಕಿವಿಗೆ ಬೇರೆ ಸಂಗೀತ ಕೇಳಿಸುತ್ತಿದ್ದರು.

1981ರಲ್ಲಿ ಮತ್ತು 1984ರಲ್ಲಿ ಪ್ರಕಟವಾದ ಲೇಖನಗಳ ಫಲಿತಾಂಶ ವಿದ್ವಾಂಸರನ್ನು ಬೆರಗುಗೊಳಿಸಿತು. ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳು ತ–ಟ ಭೇದವನ್ನು ಚೆನ್ನಾಗಿ ಗುರುತಿಸಿದವು. ಅವರ ಭಾಷೆಯ ದೊಡ್ಡವರಿಗೆ ಸಾಧ್ಯವಾಗದ್ದು ಕೂಸುಗಳಿಗೆ ಸಾಧ್ಯವಾಗಿತ್ತು! ಆದರೆ ಹತ್ತರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಅದೇ ವಯಸ್ಸಿನ ಹಿಂದಿ ಮನೆಯ ಮಕ್ಕಳಲ್ಲಿ ಮಾತ್ರ ಅದು ಹಾಗೆಯೇ ಉಳಿದಿತ್ತು. ಕೆನಡಾದ ಮೂಲನಿವಾಸಿಗಳ ಭಾಷೆಯೊಂದರ ಧ್ವನಿಗಳನ್ನು ಇಟ್ಟು ನೋಡಿದಾಗಲೂ ಇದೇ ಫಲಿತಾಂಶ ಬಂತು.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಹುಟ್ಟುವಾಗ ಮಗುವಿನ ಮಿದುಳು ಯಾವ ಊರಿನ ಮಾತಿಗಾದರೂ ಸಿದ್ಧವಾಗಿರುತ್ತದೆ. ಮೊದಲ ವರ್ಷದಲ್ಲಿ ಸುತ್ತಲಿನ ಮಾತನ್ನು ಕೇಳಿ ಕೇಳಿ, ಬೇಕಾದ ಭೇದಗಳನ್ನು ಹರಿತ ಮಾಡಿಕೊಂಡು ಬೇಡವಾದವನ್ನು ಬದಿಗಿಡುತ್ತದೆ. ಆಮೇಲೆ ಬಾಗಿಲು ಪೂರ್ತಿ ಮುಚ್ಚಿಹೋಗುವುದಿಲ್ಲ. ಅಭ್ಯಾಸದಿಂದ ದೊಡ್ಡವರೂ ಹೊಸ ಧ್ವನಿಗಳನ್ನು ಕಲಿಯಬಲ್ಲರು. ಆದರೆ ಹದ ತಪ್ಪಿದ ಮೇಲೆ ಬಿತ್ತಿದ ಹೊಲದಂತೆ ದುಡಿಮೆ ಹೆಚ್ಚು, ಫಲ ಕಡಿಮೆ.

1997ರಲ್ಲಿ ಇದಕ್ಕೆ ಮಿದುಳಿನಿಂದಲೇ ಸಾಕ್ಷಿ ದೊರೆಯಿತು. ಫಿನ್ಲೆಂಡಿನ ರಿಸ್ತೊ ನ್ಯಾಟನೆನ್ ಮತ್ತು ಸಂಗಡಿಗರು, ತಲೆಯ ಮೇಲೆ ವಿದ್ಯುದ್ವಾಹಕಗಳನ್ನಿಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಎಸ್ಟೋನಿಯಾದ ಭಾಷೆಯಲ್ಲಿರುವ, ಫಿನ್ನಿಶ್ ಭಾಷೆಯಲ್ಲಿಲ್ಲದ ಒಂದು ಸ್ವರವನ್ನು ಕೇಳಿಸಿದಾಗ ಎಸ್ಟೋನಿಯನ್ನರ ಮಿದುಳಿನಲ್ಲಿ ದೊಡ್ಡ ಅಲೆ ಎದ್ದಿತು, ಫಿನ್ನರಲ್ಲಿ ಸಣ್ಣ ಅಲೆ. ತಾಯ್ನುಡಿಯ ಧ್ವನಿಗಳ ನೆನಪು ಮಿದುಳಿನಲ್ಲಿ ಅಚ್ಚೊತ್ತಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಭಟ್ಕಳದಿಂದ ಕುಮಟೆಯವರೆಗೆ

ಈಗ ನಮ್ಮ ಕರಾವಳಿಯ ಮೂರು ತಾಲ್ಲೂಕುಗಳನ್ನು ನೋಡಿ. ಭಟ್ಕಳದ ನವಾಯತರ ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಕನ್ನಡ ಮತ್ತು ಉರ್ದು. ಖಾರ್ವಿಗಳ ಕೇರಿಯಲ್ಲಿ ಕೊಂಕಣಿ. ಹವ್ಯಕರ ತೋಟದ ಮನೆಯಲ್ಲಿ ಒಂದು ಕನ್ನಡ, ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ ಇನ್ನೊಂದು ಕನ್ನಡ. ಬಸ್ಸಿನಲ್ಲಿ ಒಂದು ಗಂಟೆ ಕುಳಿತರೆ ಇವೆಲ್ಲವೂ ಕಿವಿಗೆ ಬೀಳುತ್ತವೆ.

ಪ್ರತಿಯೊಂದು ನುಡಿಯೂ ಮಿದುಳಿಗೆ ತನ್ನದೇ ಪಾಠ ಹೇಳುತ್ತದೆ. ಕನ್ನಡದಲ್ಲಿ ಸ್ವರದ ಉದ್ದ ಮುಖ್ಯ: 'ಬಿಡು' ಬೇರೆ, 'ಬೀಡು' ಬೇರೆ. ಕೊಂಕಣಿಯಲ್ಲಿ ಸ್ವರವನ್ನು ಮೂಗಿನಲ್ಲಿ ಉಲಿದರೆ ಅರ್ಥವೇ ಬದಲಾಗುವುದುಂಟು. ಉರ್ದುವಿನಲ್ಲಿ ಳಕಾರವಿಲ್ಲ, ಆದರೆ ಕನ್ನಡದ ವರ್ಣಮಾಲೆಯಲ್ಲಿಲ್ಲದ ಹಲವು ಧ್ವನಿಗಳಿವೆ. ಆದ್ದರಿಂದ ನಿಮ್ಮ ತರಗತಿಯ ಗೆಳೆಯನೊಬ್ಬ ಬಳೆಗೆ ಬಲೆ ಎಂದರೆ ನಗಬೇಡಿ. ಅವನ ನಾಲಗೆ ದಡ್ಡತನದಿಂದ ಹಾಗೆ ನುಡಿಯುತ್ತಿಲ್ಲ, ಅವನ ಮಿದುಳು ತನ್ನ ಮನೆಯ ಪಾಠವನ್ನು ನಿಷ್ಠೆಯಿಂದ ಕಲಿತಿದೆ. ಅವನ ಮನೆಯ ಮಾತಿನ ಕೆಲವು ಧ್ವನಿಗಳನ್ನು ನುಡಿಯಲು ಹೊರಟರೆ ನಿಮಗೂ ಅದೇ ಪಾಡು.

ಮನೆಯಲ್ಲಿ ಎರಡು ಮೂರು ಭಾಷೆ ಆಡಿದರೆ ಮಗುವಿಗೆ ಗೊಂದಲವಾಗುತ್ತದೆ ಎಂದು ಭಯಪಡುವ ತಂದೆತಾಯಂದಿರಿದ್ದಾರೆ. ಇದಕ್ಕೂ ವರ್ಕರ್ ಅವರ ಪ್ರಯೋಗಶಾಲೆಯಲ್ಲಿ ಉತ್ತರ ದೊರೆತಿದೆ. ಗರ್ಭಿಣಿಯಾಗಿದ್ದಾಗ ಟಾಗಲಾಗ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳನ್ನು ಅವರು ಮತ್ತು ಸಂಗಡಿಗರು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಶಿಶುಗಳು ಎರಡೂ ಭಾಷೆಗಳಿಗೆ ಕಿವಿಗೊಟ್ಟವು, ಎರಡನ್ನೂ ಬೇರೆ ಬೇರೆ ಎಂದು ಗುರುತಿಸಿದವು. ಅಜ್ಜಿಯ ಕೊಂಕಣಿ, ಅಮ್ಮನ ಕನ್ನಡ ಎರಡೂ ಮಗುವಿಗೆ ದಕ್ಕುತ್ತವೆ.

ಶಬ್ದ ತಲುಪದ ಮಿದುಳು

ಮಿದುಳು ಮೊದಲ ವರ್ಷದಲ್ಲಿಯೇ ಕೇಳಿ ಕಲಿಯುವುದಾದರೆ, ಹುಟ್ಟಿನಿಂದ ಕಿವಿ ಕೇಳದ ಮಗುವಿನ ಗತಿಯೇನು? ಈ ಚರಿತ್ರೆಯಲ್ಲಿ ಅತ್ಯಂತ ಗಂಭೀರವಾದ ಪ್ರಶ್ನೆ ಇದೇ.

ಇಂಥ ಮಗುವನ್ನು ಗುರುತಿಸುವುದು ಸುಲಭವಲ್ಲ. ಅದೂ ಅಳುತ್ತದೆ, ನಗುತ್ತದೆ, ಮೊದಲ ತಿಂಗಳುಗಳಲ್ಲಿ ಉಳಿದ ಮಕ್ಕಳಂತೆ ಉಲಿಯುತ್ತದೆ. ಚಪ್ಪಾಳೆ ತಟ್ಟಿದರೆ ಕೈಯ ನೆರಳನ್ನು ಕಂಡು ತಿರುಗುತ್ತದೆ. ಬಾಗಿಲು ಬಡಿದರೆ ನೆಲದ ಅದುರುವಿಕೆಗೆ ಬೆಚ್ಚುತ್ತದೆ. ಎರಡು ವರ್ಷ ತುಂಬಿದರೂ ಮಾತು ಬಾರದಿದ್ದಾಗ, "ಅವನ ಅಪ್ಪನಿಗೂ ತಡವಾಗಿಯೇ ಬಂದಿತ್ತು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಆ ಮಾತು ಮಗುವಿನ ಅತ್ಯಮೂಲ್ಯ ತಿಂಗಳುಗಳನ್ನು ಕಳೆದುಬಿಡುತ್ತದೆ.

ವಿಜ್ಞಾನ ಇದಕ್ಕೆ ಎರಡು ಸಾಧನಗಳನ್ನು ಕೊಟ್ಟಿತು. 1971ರಲ್ಲಿ ಅಮೆರಿಕದ ಜ್ಯುಯೆಟ್ ಮತ್ತು ವಿಲಿಸ್ಟನ್, ಶಬ್ದ ಕೇಳಿದ ನಂತರದ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಮಿದುಳಿನ ಕಾಂಡದಲ್ಲಿ ಏಳುವ ಅಲೆಗಳನ್ನು ನೆತ್ತಿಯ ಮೇಲಿಂದಲೇ ದಾಖಲಿಸಿ ವಿವರಿಸಿದರು. 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಒಂದು ಸೋಜಿಗವನ್ನು ಪ್ರಕಟಿಸಿದರು: ಆರೋಗ್ಯವಂತ ಕಿವಿಗೆ ಶಬ್ದ ಕೊಟ್ಟರೆ ಅದು ತಾನೂ ಅತಿ ಸಣ್ಣ ಶಬ್ದವನ್ನು ಹಿಂದಿರುಗಿಸುತ್ತದೆ. ಈ ಎರಡನ್ನೂ ನಿದ್ದೆಯಲ್ಲಿರುವ ಶಿಶುವಿನ ಮೇಲೆ ನೋವಿಲ್ಲದೆ ಪರೀಕ್ಷಿಸಬಹುದು. ಮಗು ಉತ್ತರ ಹೇಳಬೇಕಾಗಿಲ್ಲ, ಕಿವಿ ಮತ್ತು ಮಿದುಳೇ ಹೇಳುತ್ತವೆ.

ಬೇಗ ತಿಳಿದರೆ ಏನು ಲಾಭ? ಅಮೆರಿಕದ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು ಶ್ರವಣದೋಷವುಳ್ಳ 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದ ಮಕ್ಕಳಿಗಿಂತ ಸ್ಪಷ್ಟವಾಗಿ ಮುಂದಿತ್ತು. 2002ರಲ್ಲಿ ಅನು ಶರ್ಮ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯಿಂದ ಕಾಕ್ಲಿಯಾದೊಳಗೆ ವಿದ್ಯುತ್ ಸಾಧನ ಅಳವಡಿಸಿಕೊಂಡ ಮಕ್ಕಳ ಮಿದುಳಿನ ಅಲೆಗಳನ್ನು ಅಳೆದರು. ಸುಮಾರು ಮೂರೂವರೆ ವರ್ಷದೊಳಗೆ ಸಾಧನ ಪಡೆದವರ ಅಲೆಗಳು ಬೇಗನೆ ಉಳಿದ ಮಕ್ಕಳಂತಾದವು. ಏಳು ವರ್ಷ ದಾಟಿದ ಮೇಲೆ ಪಡೆದವರಲ್ಲಿ ಹೆಚ್ಚಿನವರಿಗೆ ಹಾಗಾಗಲಿಲ್ಲ. ಸಾಧನ ಒಂದೇ, ಮಿದುಳಿನ ಹದ ಬೇರೆ.

ಇಲ್ಲಿ ಇನ್ನೊಂದು ಮಾತು ಅವಶ್ಯ. ಮಿದುಳಿಗೆ ಬೇಕಾದದ್ದು ಭಾಷೆ. ಅದು ಕಿವಿಯಿಂದಲೇ ಬರಬೇಕೆಂಬ ನಿಯಮವಿಲ್ಲ. ಹುಟ್ಟಿನಿಂದ ಸಂಜ್ಞಾಭಾಷೆ ಕಲಿತವರಲ್ಲಿ, ಮಾತಿಗೆ ಮೀಸಲೆಂದು ನಾವು ತಿಳಿದಿದ್ದ ಎಡಮಿದುಳಿನ ಭಾಗಗಳೇ ಕೈಸನ್ನೆಯ ಭಾಷೆಯನ್ನೂ ನಿರ್ವಹಿಸುತ್ತವೆ. ಆದ್ದರಿಂದ ಕಿವುಡು ಮಗುವಿಗೆ ಶಬ್ದವೋ ಸಂಜ್ಞೆಯೋ, ಎರಡೂ ಸೇರಿಯೋ, ಒಂದು ಭಾಷೆ ಬೇಗ ಸಿಗಬೇಕು. ಯಾವ ಭಾಷೆಯೂ ಸಿಗದೆ ಕಳೆದ ವರ್ಷಗಳೇ ನಿಜವಾದ ನಷ್ಟ.

ಕನ್ನಡದ ಕಿವಿಗೆ ಕನ್ನಡದ ಪರೀಕ್ಷೆ

ಈ ವಿದ್ಯೆಯನ್ನು ನಮ್ಮ ನಾಡಿಗೆ ತಂದದ್ದರಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪಾತ್ರ ದೊಡ್ಡದು. 1965ರಲ್ಲಿ ಆರಂಭವಾದ ಈ ಕೇಂದ್ರ ಸರಕಾರಿ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿ ಚಿಕಿತ್ಸೆ, ಶಿಕ್ಷಣ ಮತ್ತು ಸಂಶೋಧನೆ ಮೂರೂ ನಡೆಯುತ್ತವೆ.

ಕಿವಿಯ ಪರೀಕ್ಷೆಯಲ್ಲಿ ಬರಿಯ ಕೂಗು ಸ್ವರ ಕೇಳಿಸಿದರೆ ಸಾಲದು. ಪದಗಳನ್ನು ಕೇಳಿಸಿ, ಕೇಳಿದ್ದನ್ನು ಹೇಳಿಸಬೇಕು. ಆ ಪದಗಳು ಯಾವ ಭಾಷೆಯವು? ಮಿದುಳು ತನ್ನ ಭಾಷೆಯ ಭೇದಗಳಿಗೆ ಮಾತ್ರ ಹದಗೊಂಡಿರುವಾಗ, ಹೊನ್ನಾವರದ ರೈತನಿಗೆ ಇಂಗ್ಲಿಷ್ ಪದ ಕೇಳಿಸಿದರೆ ತಪ್ಪು ಅವನ ಕಿವಿಯದೋ, ಪರೀಕ್ಷೆಯದೋ ತಿಳಿಯುವುದಿಲ್ಲ. ಈ ಕಾರಣದಿಂದ ಮೈಸೂರಿನ ಸಂಸ್ಥೆಯಲ್ಲಿ ಆಶಾ ಯತಿರಾಜ್ ಮತ್ತು ಸಿ.ಎಸ್. ವಿಜಯಲಕ್ಷ್ಮಿ ಅವರು 2005ರಲ್ಲಿ ಕನ್ನಡದ ಪದಪಟ್ಟಿಯೊಂದನ್ನು ಸಿದ್ಧಪಡಿಸಿದರು. ಆಡುಮಾತಿನಲ್ಲಿ ಯಾವ ಧ್ವನಿ ಎಷ್ಟು ಬರುತ್ತದೆಯೋ ಅದೇ ಪ್ರಮಾಣ ಪಟ್ಟಿಯಲ್ಲಿಯೂ ಇರುವಂತೆ ಪದಗಳನ್ನು ಆರಿಸಲಾಯಿತು. 2014ರಲ್ಲಿ ಸಿ. ಗೀತಾ ಮತ್ತು ಸಂಗಡಿಗರು ಕನ್ನಡ ವಾಕ್ಯಗಳ ಪರೀಕ್ಷೆಯನ್ನು ಪ್ರಕಟಿಸಿದರು. ವರ್ಣಮಾಲೆಯ ಶಾಸ್ತ್ರವೂ ಮಿದುಳಿನ ಶಾಸ್ತ್ರವೂ ಇಲ್ಲಿ ಒಂದನ್ನೊಂದು ಸಂಧಿಸಿವೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಶ್ರವಣದೋಷದ ತಪಾಸಣೆಯೂ ಸೇರಿದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರು ಜಗತ್ತಿನ ಎದುರು ಇಟ್ಟಿರುವ ಗುರಿ.

ವಿದ್ಯಾರ್ಥಿ ಮಿತ್ರರೇ, ಒಂದು, ಮೂರು, ಆರು ಎಂಬ ಈ ಮೂರು ಅಂಕಿಗಳನ್ನು ನೆನಪಿಡಿ. ಪರೀಕ್ಷೆಯಲ್ಲಿ ಇವನ್ನು ಯಾರೂ ಕೇಳಲಾರರು. ಆದರೆ ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹೆಸರು ಕರೆದರೆ ತಿರುಗದ ಕೂಸೊಂದು ಇದ್ದರೆ, "ಕಾಯೋಣ" ಎನ್ನುವ ಹಿರಿಯರಿಗೆ "ಒಮ್ಮೆ ಕಿವಿ ತೋರಿಸಿಕೊಂಡು ಬರೋಣ" ಎಂದು ವಿನಯದಿಂದ ಹೇಳಬಲ್ಲವರು ನೀವೇ. ಮಗುವಿಗೆ ಏನೂ ತೊಂದರೆ ಇಲ್ಲವೆಂದಾದರೆ ಕಳೆದುಕೊಂಡದ್ದು ಆಸ್ಪತ್ರೆಗೆ ಹೋಗಿಬಂದ ಒಂದು ದಿನ ಮಾತ್ರ. ತೊಂದರೆ ಇದೆಯೆಂದಾದರೆ ಉಳಿಸಿಕೊಂಡದ್ದು ಒಂದು ಭಾಷೆ.